600 ಡಿಗ್ರಿಗೆ ಕಾಯುವ ಮೆಮೊರಿ ಸುಟ್ಟುಹೋಗಲ್ವಾ?

ಪ್ರಶ್ನೆ: ಫೇಸ್ ಚೇಂಜ್ ಮೆಮೊರಿಯಲ್ಲಿ (ವಸ್ತುವನ್ನು ಕಾಯಿಸಿ ಗಾಜು ಇಲ್ಲವೇ ಹರಳು ಮಾಡಿ ಡೇಟಾ ಇಡುವ ಚಿಪ್) ಬರೆಯುವಾಗ ಪ್ರತಿ ಸಲ 600 ಡಿಗ್ರಿ ಬಿಸಿ ಆಗುತ್ತಂತೆ. ಅದು ಬೇಗ ಸುಟ್ಟುಹೋಗಲ್ವಾ? ಚೆನ್ನಾಗಿ ತಂಪು ಮಾಡಿದರೆ ಬಾಳಿಕೆ ಹೆಚ್ಚುತ್ತಾ?

ಈ ಪ್ರಶ್ನೆ ಎಷ್ಟನೇ ಸಲ ಬಂತು ಅಂತ ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಸುಡಲ್ಲ. ಫ್ಯಾನ್ ಹಾಕಿದರೂ ಬಾಳಿಕೆ ಹೆಚ್ಚಲ್ಲ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸಿಬಿಡೋಣ ಅಂತ ಪೂರ್ತಿ ಬರೆಯುತ್ತಿದ್ದೇನೆ.

600 ಡಿಗ್ರಿ ಅನ್ನೋದು ಸುಳ್ಳಲ್ಲ. ಜರ್ಮೇನಿಯಮ್, ಆಂಟಿಮನಿ, ಟೆಲ್ಯುರಿಯಮ್ ಬೆರೆಸಿದ ವಸ್ತು ಕರಗೋದೇ ಹೆಚ್ಚುಕಮ್ಮಿ ಅಷ್ಟರಲ್ಲಿ. ಆದರೆ ಎಷ್ಟು ಡಿಗ್ರಿ ಅನ್ನೋದು ಬೇರೆ, ಒಟ್ಟು ಎಷ್ಟು ಶಾಖ ಅನ್ನೋದು ಬೇರೆ. ಕಬ್ಬಿಣ ಉಜ್ಜುವಾಗ ಹಾರುವ ಕಿಡಿ ಸಾವಿರ ಡಿಗ್ರಿ ದಾಟಿರುತ್ತದೆ, ಕೈಮೇಲೆ ಬಿದ್ದರೆ ಚುರ್ ಅಂದು ಆರಿಹೋಗುತ್ತದೆ. ಬಕೆಟ್ ತುಂಬ 70 ಡಿಗ್ರಿ ನೀರಿಗೆ ಕೈ ಅದ್ದುತ್ತೀರಾ? ಬೇಡ.

ಇಲ್ಲಿ ಕರಗುವ ಚುಕ್ಕೆ ಕೆಲವೇ ಹತ್ತು ನ್ಯಾನೊಮೀಟರ್, ಅಂದರೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದು. ಕೆಳಗಿರುವ ಪುಟ್ಟ ಹೀಟರ್‌ನಿಂದ ಕೆಲವು ಹತ್ತು ನ್ಯಾನೊಸೆಕೆಂಡ್ ಜೋರಾಗಿ ಕರೆಂಟ್ ಹರಿಯುತ್ತದೆ, ಚುಕ್ಕೆ ಕರಗುತ್ತದೆ, ಕರೆಂಟ್ ಥಟ್ಟನೆ ನಿಲ್ಲುತ್ತದೆ, ಸಾಲಾಗಿ ನಿಲ್ಲಲು ಸಮಯ ಸಿಗದೆ ಅಣುಗಳು ಇದ್ದಲ್ಲೇ ಗಡ್ಡೆಕಟ್ಟಿ ಗಾಜಿನಂತಾಗುತ್ತವೆ. ಗಾಜಾದರೆ ಕರೆಂಟಿಗೆ ಅಡ್ಡಿ ಜಾಸ್ತಿ: 0. ಹದವಾಗಿ, ಸ್ವಲ್ಪ ಹೆಚ್ಚು ಹೊತ್ತು ಕಾಯಿಸಿದರೆ ಹರಳಾಗುತ್ತದೆ, ಅಡ್ಡಿ ಕಡಿಮೆ: 1. ಇಷ್ಟೇ ಕಥೆ. ರೀರೈಟಬಲ್ ಡಿವಿಡಿಯಲ್ಲೂ ಇದೇ ಬಳಗದ ವಸ್ತು, ಅಲ್ಲಿ ಕರಗಿಸುತ್ತಿದ್ದದ್ದು ಲೇಸರ್. ಪ್ಲಾಸ್ಟಿಕ್ ಡಿಸ್ಕಿಗೆ ಬೆಂಕಿ ಹತ್ತಿದ್ದನ್ನು ಯಾರಾದರೂ ನೋಡಿದ್ದೀರಾ?

ತಂಪು ಮಾಡುವ ಮಾತಂತೂ ಪೂರ್ತಿ ತಲೆಕೆಳಗು. ಕೊಟ್ಟ ಶಾಖದಲ್ಲಿ ಬಹುಪಾಲು ಚುಕ್ಕೆಗೆ ಸಿಗದೆ ಸುತ್ತಲಿನ ಲೋಹಕ್ಕೆ ಸೋರಿಹೋಗುತ್ತದೆ, ಅದಕ್ಕೇ ಬರೆಯಲು ಅಷ್ಟು ಕರೆಂಟ್ ಬೇಕು. ಎಂಜಿನಿಯರುಗಳು ವರ್ಷಗಟ್ಟಲೆ ಹೆಣಗಿದ್ದು ಶಾಖವನ್ನು ಒಳಗೇ ಹಿಡಿದಿಡೋದಕ್ಕೆ. ನೀವು ಫ್ಯಾನ್ ಹಿಡಿದು ನಿಂತಿದ್ದೀರಿ!

ಹಾಗಾದರೆ ಸೆಲ್, ಅಂದರೆ ಇಂಥ ಒಂದು ಚುಕ್ಕೆ ಮತ್ತು ಅದರ ಹೀಟರ್ ಸೇರಿದ ಪುಟ್ಟ ಗೂಡು, ಸಾಯೋದು ಹೇಗೆ? ಅಣುಗಳು ಜಾಗ ಬಿಡುತ್ತವೆ. ಕರಗಿದಾಗ ಆಂಟಿಮನಿ ಋಣ ತುದಿಯ ಕಡೆ, ಟೆಲ್ಯುರಿಯಮ್ ಧನ ತುದಿಯ ಕಡೆ ಸರಿಯುತ್ತದೆ. ಒಂದೊಂದು ಸಲ ಚೂರೇ ಚೂರು, ಕೋಟಿ ಸಲ ಬರೆದ ಮೇಲೆ ಮಿಶ್ರಣದ ಹದವೇ ಕೆಟ್ಟಿರುತ್ತದೆ. ಜೊತೆಗೆ ಹರಳಾಗುವಾಗ ವಸ್ತು ಶೇ. 6ರಷ್ಟು ಕುಗ್ಗುತ್ತದೆ, ಹಿಗ್ಗಿ ಕುಗ್ಗಿ ಒಳಗೆ ಟೊಳ್ಳು ಬೀಳುತ್ತದೆ. ಟೊಳ್ಳು ಹೀಟರ್ ಮೇಲೆ ಬಂದು ಕೂತರೆ ಸಂಪರ್ಕ ಕಡಿದಂತೆ, ಆ ಸೆಲ್ 0ಯಲ್ಲೇ ಸಿಕ್ಕಿಕೊಳ್ಳುತ್ತದೆ. ಮದ್ದು ಏನು ಅಂದರೆ, ವಸ್ತುವನ್ನು ಇಕ್ಕಟ್ಟಾದ ಗುಳಿಯಲ್ಲಿ ತುಂಬಿ ಸುತ್ತ ತೆಳು ಲೋಹದ ಪದರ ಕೊಡೋದು, ಆಗಾಗ ಉಲ್ಟಾ ದಿಕ್ಕಿನಲ್ಲಿ ಕರೆಂಟ್ ಹರಿಸಿ ಅಣುಗಳನ್ನು ವಾಪಸ್ ತಳ್ಳೋದು, ಬದಲಾದ ಬಿಟ್ ಮಾತ್ರ ಬರೆಯೋದು, ಒಂದೇ ಸೆಲ್ ಮೇಲೆ ಹೊರೆ ಬೀಳದಂತೆ ಹಂಚೋದು. ಉಲ್ಟಾ ಕರೆಂಟಿಗೆ ಸತ್ತಂತಿದ್ದ ಸೆಲ್ ಮತ್ತೆ ಎದ್ದು ಕೂರುತ್ತದೆ, ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಅದೇ.

ಹೊರಗಿನ ಬಿಸಿಯ ಭಯದಲ್ಲಿ ಅರ್ಧ ಸತ್ಯ ಇದೆ. ಲ್ಯಾಪ್‌ಟಾಪ್ ಒಳಗಿನ 70–80 ಡಿಗ್ರಿಗೆ ಏನೂ ಆಗಲ್ಲ. ಆದರೆ 150ರ ಆಸುಪಾಸಿನಲ್ಲಿ ಗಾಜು ತಾನಾಗೇ ಹರಳಾಗತೊಡಗುತ್ತದೆ. ಬೋರ್ಡಿಗೆ ಬೆಸುಗೆ ಹಾಕುವಾಗ 260 ಡಿಗ್ರಿ ತಗಲುವುದರಿಂದ ಮೊದಲೇ ತುಂಬಿಟ್ಟ ಪ್ರೋಗ್ರಾಮ್ ಅಳಿಸಿಹೋಗುತ್ತಿತ್ತು. ಜರ್ಮೇನಿಯಮ್ ಜಾಸ್ತಿ ಹಾಕಿ ಅದನ್ನು ಗೆದ್ದರು. ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಅನ್ನೋ ಚಿಪ್ ಕಂಪನಿಯವರು ಕಾರುಗಳಿಗೆ ಮಾಡುವ ಮೈಕ್ರೋಕಂಟ್ರೋಲರುಗಳಲ್ಲಿ (ಪುಟ್ಟ ನಿಯಂತ್ರಣ ಚಿಪ್‌ಗಳಲ್ಲಿ) ಇರೋದು ಅಂಥದ್ದೇ. ಬದಲಿಗೆ ಹರಳಾಗುವ ವೇಗ ತಗ್ಗಿತು, ಪುಕ್ಕಟೆ ಏನೂ ಸಿಗಲ್ಲ.

ಇನ್ನೊಂದು ಇದೆ, ಯಾರೂ ಕೇಳೋದೇ ಇಲ್ಲ: ಬರೆದು ಸುಮ್ನೆ ಇಟ್ಟರೆ ಏನಾಗುತ್ತೆ? ಗಾಜಿನ ಅಣುಗಳು ನಿಧಾನಕ್ಕೆ ಮೈ ಸಡಿಲಿಸಿಕೊಳ್ಳುತ್ತವೆ, ಅಡ್ಡಿ ಏರುತ್ತಲೇ ಇರುತ್ತದೆ. 1 ಸೆಕೆಂಡಿನಿಂದ 10 ಸೆಕೆಂಡಿಗೆ ಎಷ್ಟು ಪಟ್ಟು ಏರಿತೋ, 1 ವರ್ಷದಿಂದ 10 ವರ್ಷಕ್ಕೂ ಹೆಚ್ಚುಕಮ್ಮಿ ಅಷ್ಟೇ ಪಟ್ಟು. ಬರೀ 0, 1 ಇದ್ದರೆ ತೊಂದರೆ ಇಲ್ಲ, ಅಂತರ ಇನ್ನೂ ಹಿಗ್ಗುತ್ತದೆ. ಆದರೆ ಒಂದೇ ಸೆಲ್‌ನಲ್ಲಿ 3 ಬಿಟ್ ಇಡಬೇಕಾದರೆ ಅಡ್ಡಿಯ 8 ಬೇರೆ ಬೇರೆ ಮಟ್ಟ ಬೇಕು, ನಡುವಿನವು ಜಾರಿ ಪಕ್ಕದ್ದರ ಜಾಗಕ್ಕೆ ನುಗ್ಗುತ್ತವೆ. 2016ರಲ್ಲಿ ಐಬಿಎಂನವರು 3 ಬಿಟ್ ಇಟ್ಟು ತೋರಿಸಿದಾಗ, ಈ ಏರಿಕೆ ಕಡಿಮೆ ತಟ್ಟುವಂಥ ಬೇರೆ ಅಳತೆಯನ್ನೇ ಆರಿಸಿಕೊಂಡಿದ್ದರು. ಇನ್ನೊಂದು ಉಪಾಯದಲ್ಲಿ ವಸ್ತುವಿಗೆ ಅಂಟಿಕೊಂಡಂತೆ ತೆಳು ಪದರ ಇಡುತ್ತಾರೆ. ಓದುವಾಗ ಕರೆಂಟ್ ಗಾಜನ್ನು ಬಿಟ್ಟು ಪದರದ ಮೇಲೆ ಹಾದುಹೋಗುತ್ತದೆ, ಆಗ ಗಾಜು ಒಳಗೆ ಎಷ್ಟು ಬದಲಾದರೂ ಓದುವ ಸರ್ಕ್ಯೂಟಿಗೆ ಕಾಣೋದು ಗಾಜಿನ ಉದ್ದ ಮಾತ್ರ, ಏರುತ್ತಿರುವ ಅದರ ಅಡ್ಡಿ ಅಲ್ಲ.