ಟ್ರ್ಯಾಕಿಗೊಂದು ಪ್ಯಾಡ್, ರಸ್ತೆಗೊಂದು: ಡಿಸ್ಕ್ ಮರೆತರೆ ಎರಡೂ ದಂಡ

ಬೆಂಗಳೂರಿನಿಂದ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೊರಟವರಲ್ಲಿ ಕಾರನ್ನು ಟ್ರಕ್ಕಿನ ಮೇಲೇರಿಸಿ ಒಯ್ಯುವವರು ಕಡಿಮೆ. ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗಾಗಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗಾಗಲಿ ಅದೇ ಕಾರಿನಲ್ಲಿ ಹೋಗಬೇಕು, ದಿನವಿಡೀ ಓಡಿಸಬೇಕು, ಅದರಲ್ಲೇ ಮನೆಗೆ ಮರಳಬೇಕು. ಹಾಗಾಗಿ ರಸ್ತೆ, ಟ್ರ್ಯಾಕ್ ಎರಡಕ್ಕೂ ಆಗುವ ಬ್ರೇಕ್ ಪ್ಯಾಡ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಯಾವುದೆಂದು ಎಲ್ಲರೂ ಕೇಳುತ್ತಾರೆ. ಹಾಗೆಂದು ಹೇಳಿ ಮಾರುವವರಿದ್ದಾರೆ; ಅಂಥ ಪ್ಯಾಡ್ ಇಲ್ಲ.

ಲೆಕ್ಕ ನೋಡಿ. ಚಾಲಕನೂ ಸೇರಿ 1,200 ಕಿಲೋ ತೂಗುವ ಹ್ಯಾಚ್‌ಬ್ಯಾಕನ್ನು ಹೆದ್ದಾರಿಯಲ್ಲಿ 80ರಿಂದ 40 ಕಿ.ಮೀ. ವೇಗಕ್ಕೆ ಇಳಿಸಿದರೆ ಬ್ರೇಕುಗಳು ಸುಮಾರು 220 ಕಿಲೋಜೂಲ್ ಶಾಖ ನುಂಗಬೇಕು. ಟ್ರ್ಯಾಕಿನಲ್ಲಿ 150ರಿಂದ 60ಕ್ಕೆ ಇಳಿಸಿದರೆ 875. ಇದರಲ್ಲಿ ಶೇ 70ರಷ್ಟು ಮುಂದಿನ ಎರಡು ಡಿಸ್ಕ್‌ಗಳ ಪಾಲು ಎಂದಿಟ್ಟುಕೊಂಡರೆ, 6 ಕಿಲೋದ ಒಂದು ಡಿಸ್ಕ್ ಒಂದೇ ಬ್ರೇಕಿಗೆ ನೂರು ಡಿಗ್ರಿಗೂ ಹೆಚ್ಚು ಕಾಯುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ರಸ್ತೆ ಪ್ಯಾಡಿನೊಳಗಿನ ಅಂಟು ಈ ಬಿಸಿಗೆ ಸುಟ್ಟು ಅನಿಲ ಬಿಡುತ್ತದೆ. ಆಗ ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದರೂ ಕಾರು ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿದರೆ ಅದು ಬೇರೆ ಕಾಯಿಲೆ: ಬ್ರೇಕ್ ಆಯಿಲ್ ಕುದಿದಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮೋಟುಲ್ ಆರ್‌ಬಿಎಫ್ 600ರಂಥ ರೇಸ್ ಆಯಿಲ್ ಹೊಸದಿದ್ದಾಗ 312ರವರೆಗೆ ತಡೆಯುತ್ತದೆ. ಹಳೆಯ ಆಯಿಲ್ ಬಿಟ್ಟು ಪ್ಯಾಡ್ ಮಾತ್ರ ಬದಲಿಸಿದರೆ ಅಪಾಯ ಇನ್ನೂ ಜಾಸ್ತಿ. ಒಳ್ಳೆಯ ಪ್ಯಾಡ್ ಸೋಲುವುದಿಲ್ಲವಾದ್ದರಿಂದ ನೀವು ಬ್ರೇಕ್ ಒತ್ತುತ್ತಲೇ ಇರುತ್ತೀರಿ, ಬಿಸಿಯೆಲ್ಲ ಆಯಿಲ್‌ಗೆ ಇಳಿಯುತ್ತದೆ.

ಇನ್ನು ರೇಸ್ ಪ್ಯಾಡನ್ನೇ ಊರಿನಲ್ಲಿ ಓಡಿಸಿದರೆ? ತಣ್ಣಗಿದ್ದಾಗ ಹಿಡಿತ ಕಡಿಮೆ, ಸಿಗ್ನಲ್‌ಗೊಮ್ಮೆ ಕಿರುಚಾಟ. ಉದುರುವ ಕಬ್ಬಿಣದ ಪುಡಿ ವೀಲಿಗೆ ಕಚ್ಚಿಕೊಂಡು, ಮಳೆ ಬಿದ್ದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಘಾಟಿ ಇಳಿಯುವುದಕ್ಕೆಂದು ರೇಸ್ ಪ್ಯಾಡ್ ಹಾಕಿಸುವವರೂ ಇದ್ದಾರೆ. ಶಿರಾಡಿಗೆ ಬೇಕಾದದ್ದು ಎರಡನೇ ಗೇರು, ರೇಸ್ ಪ್ಯಾಡ್ ಅಲ್ಲ.

ಹಾಗಾದರೆ ಎರಡು ಜೊತೆ ಇಟ್ಟುಕೊಂಡು ಬದಲಿಸಿದರಾಯಿತು ಅಂದುಕೊಳ್ಳುತ್ತೇವೆ. ಎಡವುವುದು ಇಲ್ಲಿಯೇ. ಪ್ಯಾಡ್ ಚೆನ್ನಾಗಿ ಹಿಡಿಯುವುದು ಬರೀ ಕಬ್ಬಿಣವನ್ನಲ್ಲ. ತನ್ನದೇ ಪದಾರ್ಥ ಡಿಸ್ಕಿನ ಮೇಲೆ ಮೆತ್ತಿಕೊಂಡು ಆಗಿರುವ ತೆಳು ಪದರವನ್ನು. ಬೇರೆ ಜಾತಿಯ ಪ್ಯಾಡ್ ಆ ಪದರದ ಮೇಲೆ ಓಡಿದರೆ ಅಲ್ಲಲ್ಲಿ ಕಿತ್ತು ಅಲ್ಲಲ್ಲಿ ಮೆತ್ತುತ್ತದೆ, ಸ್ಟೀರಿಂಗ್ ನಡುಗತೊಡಗುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ‘ಡಿಸ್ಕ್ ಬೆಂಡ್’ ಎನ್ನುತ್ತಾರೆ. ಬಹಳ ಸಲ ಬೆಂಡ್ ಆಗಿರುವುದೇ ಇಲ್ಲ, ಮಚ್ಚೆ ಕಟ್ಟಿರುತ್ತದೆ. ಹಾಗೇ ಬಿಟ್ಟು ಕಾಯಿಸುತ್ತ ಹೋದರೆ ಮಚ್ಚೆಯ ಕೆಳಗಿನ ಕಬ್ಬಿಣ ಸಿಮೆಂಟೈಟ್ ಎಂಬ ಗಡಸು ರೂಪ ತಾಳುತ್ತದೆ. ಆಮೇಲೆ ಲೇತ್‌ಗೆ ಕೊಟ್ಟು ಸವರಿಸಿದರೂ ನಡುಕ ಮತ್ತೆ ಮರಳುವುದುಂಟು.

ಆದ್ದರಿಂದ ವರ್ಷಕ್ಕೆ ಮೂರು ನಾಲ್ಕು ಸಲ ಟ್ರ್ಯಾಕಿಗೆ ಹೋಗುವವರು ಡಿಸ್ಕನ್ನೂ ಎರಡು ಜೊತೆ ಇಟ್ಟುಕೊಳ್ಳುವುದೇ ಸರಿ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿಕೆ) ಬ್ರ್ಯಾಕೆಟ್ಟಿನ ಎರಡು ಬೋಲ್ಟ್, ಡಿಸ್ಕಿನ ಒಂದೆರಡು ಸಣ್ಣ ಸ್ಕ್ರೂ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಆ ಸ್ಕ್ರೂಗಳು ತುಕ್ಕು ಹಿಡಿದು ಅಂಟಿರುತ್ತವೆ. ಮನೆಯಲ್ಲೇ ಒಮ್ಮೆ ಬಿಚ್ಚಿ ನೋಡಿಕೊಳ್ಳಿ, ಟ್ರ್ಯಾಕ್ ಪಕ್ಕದ ಪ್ಯಾಡಕ್‌ನಲ್ಲಿ ಒದ್ದಾಡಬೇಡಿ. ಡಿಸ್ಕ್ ಒಂದೇ ಜೊತೆ ಇದ್ದರೆ ಪ್ಯಾಡ್ ಬದಲಿಸುವ ಪ್ರತಿ ಸಲವೂ 80ರಿಂದ 120ನೇ ನಂಬರಿನ ಎಮರಿ ಪೇಪರಿನಿಂದ ಎರಡೂ ಮೈ ಉಜ್ಜಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ.

ಪ್ಯಾಡ್ ಬದಲಿಸುವಾಗ ಕಾರು ಜಾಕ್ ಒಂದರ ಮೇಲೇ ನಿಂತಿರಬಾರದು; ಕೆಳಗೆ ಸ್ಟ್ಯಾಂಡ್ ಕೊಡಿ. ಕ್ಯಾಲಿಪರ್ ಕಳಚಿದರೆ ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪ್ಯಾಡನ್ನು ಒತ್ತುವ ಪಿಸ್ಟನ್ ಅನ್ನು ಕ್ಯಾಲಿಪರಿನೊಳಗೆ ತಳ್ಳುವ ಮೊದಲು ಆಯಿಲ್ ಡಬ್ಬಿಯ ಮಟ್ಟ ನೋಡಿ. ಸವೆದ ಪ್ಯಾಡಿದ್ದಾಗ ಯಾರಾದರೂ ಮೇಲಿನವರೆಗೆ ತುಂಬಿಸಿದ್ದರೆ ಈಗ ಅದು ಉಕ್ಕಿ ಹರಿಯುತ್ತದೆ, ಬಿದ್ದಲ್ಲೆಲ್ಲ ಪೇಂಟ್ ಎದ್ದು ಬರುತ್ತದೆ. ಹಿಂದೆಯೂ ಡಿಸ್ಕ್ ಇದ್ದು, ಹ್ಯಾಂಡ್‌ಬ್ರೇಕ್ ಕ್ಯಾಲಿಪರಿನೊಳಗೇ ಇದ್ದರೆ ಆ ಪಿಸ್ಟನ್ನನ್ನು ಸಾಮಾನ್ಯವಾಗಿ ತಿರುಗಿಸುತ್ತ ಒತ್ತಬೇಕು. ಬರೀ ಒತ್ತಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಭಾಗ ಮುರಿಯಬಹುದು. ತೆಗೆದ ಪ್ಯಾಡಿನ ಬೆನ್ನಿಗೆ ‘ಎಡ ಒಳಗೆ’, ‘ಬಲ ಹೊರಗೆ’ ಎಂದು ಪೇಂಟ್ ಪೆನ್ನಿನಿಂದ ಬರೆಯಿರಿ. ಸವೆದ ಪ್ಯಾಡ್ ಮತ್ತೆ ತನ್ನ ಜಾಗಕ್ಕೇ ಹೋಗಬೇಕು. ಎಲ್ಲ ಜೋಡಿಸಿ ವೀಲ್ ನಟ್‌ಗಳನ್ನು ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕಿಗೆ ಬಿಗಿದ ಮೇಲೆ, ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಮೊದಲ ಒತ್ತು ಪೂರ್ತಿ ನೆಲಕ್ಕೇ ಹೋಗುತ್ತದೆ. ಅದು ಗೇಟಿನ ಗೋಡೆಯೆದುರು ತಿಳಿಯುವುದು ಬೇಡ.

ಪ್ಯಾಡ್ ಹೊಸದಾದರೆ, ಇಲ್ಲವೇ ಡಿಸ್ಕ್ ಉಜ್ಜಿದ್ದರೆ, ಪದರ ಕೂರಿಸಬೇಕು. ತಯಾರಕರು ಕೊಟ್ಟ ಕ್ರಮವೇ ಮೊದಲು. ಅದಿಲ್ಲದಿದ್ದರೆ ಮೊದಲ ಸೆಷನ್ನಿನಲ್ಲಿ 100ರಿಂದ 20ಕ್ಕೆ ಎಂಟು ಹತ್ತು ಸಲ, ಗಟ್ಟಿಯಾಗಿ, ಆದರೆ ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಶುರುವಾಗದಂತೆ ಬ್ರೇಕ್ ಹಿಡಿಯಿರಿ, ಪೂರ್ತಿ ನಿಲ್ಲಿಸಬೇಡಿ. ನಂತರ ಬ್ರೇಕ್ ಆದಷ್ಟೂ ಮುಟ್ಟದೆ ನಿಧಾನಕ್ಕೆ ಓಡಿಸಿ ಆರಿಸಿ. ಕಾರು ನಿಲ್ಲಿಸುವ ಪಿಟ್‌ಗೆ ಬಂದು ಪೆಡಲ್ ಒತ್ತಿಕೊಂಡೇ ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ.

ದಪ್ಪದಲ್ಲಿ ಜಿಪುಣತನ ಸಲ್ಲದು. ತೆಳು ಪ್ಯಾಡ್ ಬಿಸಿಯನ್ನು ನೇರ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್‌ಗೆ ದಾಟಿಸುತ್ತದೆ. ಬೆನ್ನಿನ ತಗಡು ಬಿಟ್ಟು ಅರ್ಧಕ್ಕಿಂತ ಕಡಿಮೆ ಉಳಿದ ಪ್ಯಾಡ್ ಹಾಕಿಕೊಂಡು ಟ್ರ್ಯಾಕಿಗೆ ಇಳಿಯಬೇಡಿ. ಹಾಗೆಯೇ ಸಂಜೆ ಎಷ್ಟೇ ಸುಸ್ತಾಗಿದ್ದರೂ ಡಿಸ್ಕ್ ಆರಿದ ಮೇಲೆ ರಸ್ತೆ ಪ್ಯಾಡ್ ಹಾಕಿಯೇ ಹೊರಡಿ. ಗಂಟೆಗಟ್ಟಲೆ ಬ್ರೇಕ್ ಮುಟ್ಟದೆ ತಣ್ಣಗಾದ ರೇಸ್ ಪ್ಯಾಡಿಗೆ ಮೊದಲ ಕೆಲಸ ಬೀಳುವುದು ಟೋಲ್ ಗೇಟಿನ ಸಾಲಿನ ಕೊನೆಯಲ್ಲಿ ನಿಂತ ಲಾರಿಯ ಹಿಂದೆ.