ಪಹಣಿ ಯಾರ ಹೆಸರಿಗೆ?

ಕೊಡಗು, ಸಕಲೇಶಪುರದ ಕಾಫಿ ಬೆಳೆಗಾರರಿಗೆ ವಿಯೆಟ್ನಾಂ ದೂರದ ದೇಶವಲ್ಲ. ಅಲ್ಲಿ ಮಳೆ ಹೇಗಿದೆ, ಬೆಳೆ ಎಷ್ಟಿದೆ ಅನ್ನುವುದರ ಮೇಲೆ ಇಲ್ಲಿನ ರೋಬಸ್ಟಾ ಬೆಲೆ ನಿಂತಿರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶ ಅದು. ಆದರೆ ಆ ಕಾಫಿಯಿಂದ ಅಲ್ಲಿ ಯಾರ ಮನೆ ಚೇತರಿಸಿಕೊಂಡಿತು, ಯಾರದ್ದು ಹಿಂದೆ ಬಿತ್ತು ಅಂತ ಕೇಳುವವರು ಕಡಿಮೆ. ಮನೆಮನೆಯ ಖರ್ಚಿನ ಸಮೀಕ್ಷೆ ಓದುವುದೇ ನನ್ನ ಕೆಲಸ. ಹಾಗಾಗಿ ನನಗೆ ಆ ಪ್ರಶ್ನೆಯೇ ಮುಖ್ಯ.

ವಿಯೆಟ್ನಾಂ 1986ರಲ್ಲಿ 'ದೋಯ್ ಮೋಯ್' ಸುಧಾರಣೆ ಶುರು ಮಾಡಿ ಮಾರುಕಟ್ಟೆಯ ಕಡೆ ಹೊರಳಿತು. 1993ರಲ್ಲಿ ಅಲ್ಲಿ ನೂರಕ್ಕೆ 58 ಜನ ಬಡವರು. 2006ರ ಹೊತ್ತಿಗೆ 16. ದೊಡ್ಡ ಸಾಧನೆಯೇ, ಅನುಮಾನವಿಲ್ಲ. ಈಗ ಅದೇ ಲೆಕ್ಕವನ್ನು ಜನಾಂಗವಾರು ಬಿಡಿಸಿ. ಬಹುಸಂಖ್ಯಾತ ಕಿನ್ ಮತ್ತು ಚೀನೀ ಮೂಲದ ಹೋವಾ ಜನರಲ್ಲಿ 54 ಇದ್ದದ್ದು 10ಕ್ಕೆ ಇಳಿಯಿತು. ಉಳಿದವರಲ್ಲಿ 86 ಇದ್ದದ್ದು 52ಕ್ಕೆ ಬಂದು ನಿಂತಿತು. 'ಉಳಿದವರು' ಅಂದರೆ 52 ಜನಾಂಗಗಳು. ಎಲ್ಲರನ್ನೂ ಒಂದೇ ಮೂಟೆಗೆ ತುಂಬುವುದು ಸರಿಯಲ್ಲ. ಆದರೆ ಸಮೀಕ್ಷೆಯಲ್ಲಿ ಸಣ್ಣ ಜನಾಂಗಗಳ ಮನೆಗಳು ಸಿಗುವುದೇ ಬೆರಳೆಣಿಕೆಯಷ್ಟು.

ಈ ಉಳಿದವರು ಬೆಟ್ಟದ ಮೇಲಿದ್ದಾರೆ, ಜಾಸ್ತಿ ಓದಿಲ್ಲ, ಅದಕ್ಕೇ ಬಡತನ ಅಂತ ಹೇಳಿಬಿಡುತ್ತಾರೆ. ಅದು ಅರ್ಧ ನಿಜ. ಒಂದೇ ಊರು, ಒಂದೇ ಓದು, ಅಷ್ಟೇ ಜಮೀನು ಇರುವ ಮನೆಗಳನ್ನು ಹೋಲಿಸಿದರೂ ಅಂತರ ಪೂರ್ತಿ ಹೋಗುವುದಿಲ್ಲ.

ಉದಾಹರಣೆಗೆ, ಕಾಫಿ ಬೆಳೆಯುವ ಡಾಕ್ ಲಾಕ್ ಪ್ರಾಂತ್ಯದ 'ಎಡೆ' ಎಂಬ ಜನಾಂಗವನ್ನು ನೋಡಿ. ಉದ್ದನೆಯ ಮರದ ಮನೆ, ಕಂಬಗಳ ಮೇಲೆ ನಿಂತದ್ದು. ಮದುವೆಯಾದ ಗಂಡಸು ಹೆಂಡತಿ ಮನೆಗೆ ಬರುತ್ತಾನೆ. ಮನೆತನ, ಆಸ್ತಿ ಎರಡೂ ತಾಯಿಯ ಕಡೆಯಿಂದ ಮಗಳಿಗೆ. ಅಳಿಯಸಂತಾನ ಗೊತ್ತಿರುವ ತುಳುನಾಡಿನವರಿಗೆ ಇದರ ಎಳೆ ಸುಲಭವಾಗಿ ಸಿಗುತ್ತದೆ. ಬೇಸಾಯ ನಮ್ಮ ಮಲೆನಾಡಿನ ಕುಮರಿಯ ಹಾಗೆ. ಕಡಿದು, ಸುಟ್ಟು, ಬಿತ್ತಿ, ಕೆಲವು ವರ್ಷ ನೆಲಕ್ಕೆ ವಿಶ್ರಾಂತಿ ಬಿಡುವುದು. ಆ ಬಿಟ್ಟ ನೆಲ ಹೊರಗಿನವರ ಕಣ್ಣಿಗೆ ಖಾಲಿ ಜಾಗ.

1975ರ ನಂತರ ಬಯಲು ಸೀಮೆಯ ಕಿನ್ ಕುಟುಂಬಗಳನ್ನು ಸರ್ಕಾರವೇ ಇಲ್ಲಿಗೆ ತಂದು ನೆಲೆಗೊಳಿಸಿತು. ಎಷ್ಟೋ ಜಾಗ ಸರ್ಕಾರಿ ತೋಟಗಳ ಪಾಲಾಯಿತು. 1993ರ ಭೂ ಕಾಯ್ದೆ ಬಂದ ಮೇಲೆ ಜಮೀನಿನ ಬಳಕೆಯ ಹಕ್ಕಿಗೆ 'ಕೆಂಪು ಪುಸ್ತಕ' ಕೊಟ್ಟರು. ನಮ್ಮ ಪಹಣಿ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಯಜಮಾನನ ಹೆಸರು ಒಂದೇ. ತಾಯಿಯ ನೆಲ ಎಷ್ಟೋ ಕಡೆ ಅಳಿಯನ ಹೆಸರಿಗೆ ಬಿತ್ತು. ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು ಅಂತ ಭೂ ಕಾಯ್ದೆಯಲ್ಲೇ ಬಂದದ್ದು 2003ರಲ್ಲಿ.

1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿ ಕಾಫಿ ಬೆಲೆ ಮೇಲಕ್ಕೆ ಹಾರಿತು. ಪುಸ್ತಕ ಕೈಯಲ್ಲಿದ್ದವರು ಬ್ಯಾಂಕಿನಲ್ಲಿ ಸಾಲ ತೆಗೆದರು, ಬಾವಿ ತೋಡಿಸಿದರು, ಪಂಪು ಹಾಕಿಸಿದರು. ಇಲ್ಲದವರು ವ್ಯಾಪಾರಿಯ ಹತ್ತಿರ ಅಕ್ಕಿ, ಗೊಬ್ಬರ ಕಡ ತಂದರು. ತೀರಿಸುವುದು ಕಾಫಿಯಲ್ಲಿ, ಕೊಯ್ಲಿಗೆ ಮೊದಲೇ ಮಾತು ಕೊಟ್ಟು. ಇದಕ್ಕೆ ಅಲ್ಲಿ 'ಎಳೆ ಕಾಫಿ ಮಾರುವುದು' ಅನ್ನುತ್ತಾರೆ. 2001ರ ಸುಮಾರಿಗೆ ಬೆಲೆ ಕುಸಿದಾಗ ಎರಡೂ ಕಡೆ ಏಟು ಬಿತ್ತು. ಆದರೆ ಬ್ಯಾಂಕ್ ಸಾಲಕ್ಕೆ ಗಡುವು ಮುಂದೂಡಿಸಬಹುದು. ವ್ಯಾಪಾರಿಯ ಸಾಲ ಹಾಗಲ್ಲ. ಕೊನೆಗೆ ನೆಲವೇ ಕೈಬಿಡುತ್ತದೆ.

ಇದೆಲ್ಲ ಸಮೀಕ್ಷೆಯ ಹಾಳೆಯಲ್ಲಿ ಕಾಣುವುದು ಕಷ್ಟ. ವರ್ಷಕ್ಕೆ ಎಷ್ಟು ಕಿಲೋ ಕಾಫಿ ಮಾರಿದಿರಿ, ಎಷ್ಟು ಹಣ ಬಂತು ಅಂತ ಕೇಳಿದರೆ ಎರಡೂ ಮನೆ ಬೆಳೆಗಾರರ ಮನೆಯೇ. 2024ರಲ್ಲಿ ರೋಬಸ್ಟಾ ದಾಖಲೆಯ ಬೆಲೆ ಕಂಡಿತು. ಆ ಲಾಭ ಯಾವ ಮನೆಗೆ ಹೋಯಿತು ಅಂತ ತಿಳಿಯಲು ನಾನಾದರೆ ಮೊದಲು ಕೇಳುವುದು ಒಂದೇ: ಕಾಫಿ ಮಾರುವ ಮಾತನ್ನು ವ್ಯಾಪಾರಿಗೆ ಯಾವ ತಿಂಗಳಲ್ಲಿ ಕೊಟ್ಟಿರಿ? ಡಾಕ್ ಲಾಕ್‌ನಲ್ಲಿ ಕೊಯ್ಲು ಶುರುವಾಗುವುದು ಅಕ್ಟೋಬರ್ ಕೊನೆಗೆ. ಉತ್ತರ ಜುಲೈ ಅಂತ ಬಂದರೆ, ಆಗ ಗಿಡದಲ್ಲಿ ಇದ್ದದ್ದು ಹಸಿರು ಕಾಯಿ.