ಕೌಂಟಿ ಏಜೆಂಟ್ ಊರು ಬಿಟ್ಟದ್ದು ಯಾಕೆ?

ನೂರು ವರ್ಷಗಳ ಹಿಂದೆ ಅಮೆರಿಕದ ಹಳ್ಳಿಗಾಡಿನಲ್ಲಿ ಕೌಂಟಿ ಏಜೆಂಟ್, ಅಂದರೆ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ರೈತರಿಗೆ ಹೊಸ ಬೇಸಾಯ ಹೇಳಿಕೊಡುವ ಸಲಹೆಗಾರ, ಕೆಲಸ ಬಿಟ್ಟು ಹೊರಟರೆ ಅದು ಬರೀ ವರ್ಗಾವಣೆ ಆಗಿರುತ್ತಿರಲಿಲ್ಲ. ಇನ್ನೊಬ್ಬ ಬರಬೇಕಾ, ಬೇಡವಾ ಎಂಬ ಜಗಳ ಶುರುವಾಗುವುದೂ ಉಂಟು. ಯಾಕೆಂದರೆ ಅವನ ಸಂಬಳ ಒಂದೇ ಕಡೆಯಿಂದ ಬರುತ್ತಿರಲಿಲ್ಲ.

ಕಥೆ ಶುರುವಾಗುವುದು ಒಂದು ಹುಳುವಿನಿಂದ. 1890ರ ದಶಕದಲ್ಲಿ ಮೆಕ್ಸಿಕೊ ಕಡೆಯಿಂದ ಟೆಕ್ಸಾಸ್‌ಗೆ ನುಗ್ಗಿದ ಬೋಲ್ ವೀವಿಲ್ ಹತ್ತಿ ಬೆಳೆಯನ್ನು ಹಾಳುಮಾಡಿತು. 1903ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದ, ಅಮೆರಿಕದ ಕೃಷಿ ಇಲಾಖೆಯ ಸೀಮನ್ ನ್ಯಾಪ್ ಅಲ್ಲಿನ ಟೆರೆಲ್ ಎಂಬ ಊರಿಗೆ ಬಂದರು. ಅವರು ಭಾಷಣ ಮಾಡಿ ಹೋಗಲಿಲ್ಲ. ಅಲ್ಲಿನ ರೈತನೊಬ್ಬನ ಹೊಲದಲ್ಲೇ, ಅವನ ಕೈಯಿಂದಲೇ ಹೊಸ ರೀತಿಯಲ್ಲಿ ಬೇಸಾಯ ಮಾಡಿಸಿದರು. ನಷ್ಟವಾದರೆ ತುಂಬಿಕೊಡಲು ಊರಿನ ವ್ಯಾಪಾರಿಗಳು ಮೊದಲೇ ದುಡ್ಡು ಕೂಡಿಸಿಟ್ಟಿದ್ದರು. ಅದನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ, ರೈತನಿಗೆ ಲಾಭವೇ ಆಯಿತು. 1906ರಲ್ಲಿ ಅದೇ ರಾಜ್ಯದ ಸ್ಮಿತ್ ಕೌಂಟಿಗೆ ಡಬ್ಲ್ಯು. ಸಿ. ಸ್ಟಾಲಿಂಗ್ಸ್ ನೇಮಕವಾದರು. ಒಂದೇ ಕೌಂಟಿಯನ್ನು ನೋಡಿಕೊಳ್ಳುವ ಮೊದಲ ಏಜೆಂಟ್ ಅವರೇ. ಅವರ ಸಂಬಳದಲ್ಲೂ ಪೇಟೆಯವರ ಪಾಲಿತ್ತು.

ಉತ್ತರದಲ್ಲೂ ಹಾಗೇ. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೂಮ್ ಕೌಂಟಿಗೆ ಜಾನ್ ಬ್ಯಾರನ್ ಬಂದಾಗ ಸರ್ಕಾರದ ಜೊತೆ ದುಡ್ಡು ಹಾಕಿದ್ದು ವಾಣಿಜ್ಯ ಮಂಡಳಿ ಮತ್ತು ರೈಲ್ವೆ ಕಂಪನಿ. ಮರುವರ್ಷ, ಅಂಚೆಯ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್ ಏಜೆಂಟ್ ಇಟ್ಟುಕೊಳ್ಳುವ ಮೊದಲ ನೂರು ಕೌಂಟಿಗಳಿಗೆ ತಲಾ 1,000 ಡಾಲರ್ ಕೊಡುವುದಾಗಿ ಹೇಳಿದರು. ರೈತನ ಕೈಯಲ್ಲಿ ಕಾಸು ಆಡಿದರೆ ಅವರ ಅಂಚೆ ವ್ಯಾಪಾರವೂ ನಡೆಯುತ್ತದೆ, ಅಲ್ವಾ?

ಇದು ರೈತರಿಗೆ ತಿಳಿಯದ್ದೇನಲ್ಲ. ‘ಪುಸ್ತಕದ ಬೇಸಾಯ’ ಅಂತ ಅವರು ಮೊದಲೇ ಮೂಗು ಮುರಿಯುತ್ತಿದ್ದರು. ಅದಕ್ಕಿಂತ ಗಟ್ಟಿಯಾದ ಅನುಮಾನ ಇನ್ನೊಂದಿತ್ತು. ಎಲ್ಲರೂ ಜಾಸ್ತಿ ಬೆಳೆದರೆ ಬೆಲೆ ಇಳಿಯುತ್ತದೆ. ಆಗ ಲಾಭ ಯಾರಿಗೆ? ನನಗನ್ನಿಸುವಂತೆ ಆ ಪ್ರಶ್ನೆಗೆ ಏಜೆಂಟ್ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

1914ರ ಸ್ಮಿತ್-ಲೀವರ್ ಕಾಯ್ದೆ ಈ ಹುದ್ದೆಗೆ ಬೇರು ಕೊಟ್ಟಿತು. ಕೇಂದ್ರ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 10,000 ಡಾಲರ್ ಕೊಟ್ಟಿತು. ಅದಕ್ಕಿಂತ ಹೆಚ್ಚು ಬೇಕಾದರೆ ಅಷ್ಟೇ ಮೊತ್ತವನ್ನು ರಾಜ್ಯದ ಕಡೆಯಿಂದಲೂ ಹಾಕಬೇಕಿತ್ತು. ಕೌಂಟಿಯ ತೆರಿಗೆ ದುಡ್ಡು, ರೈತ ಸಂಘವಾದ ಫಾರ್ಮ್ ಬ್ಯೂರೋದ ಚಂದಾ ಎಲ್ಲ ಸೇರಿಯೇ ಗಾಡಿ ಓಡುತ್ತಿತ್ತು.

1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ತುರ್ತು ನಿಧಿ ಹರಿಯಿತು. ‘ಜಾಸ್ತಿ ಗೋಧಿ ಬೆಳೆಯಿರಿ’ ಎಂದು ಹಳ್ಳಿ ಹಳ್ಳಿಗೆ ಹೇಳಿದವನು ಏಜೆಂಟ್. ಬುಶೆಲ್‌ಗೆ, ಅಂದರೆ ಸುಮಾರು 27 ಕಿಲೋಗೆ, ಎರಡು ಡಾಲರ್ ದಾಟಿದ ಬೆಲೆಗೆ ಸರ್ಕಾರದ ಖಾತರಿಯೂ ಇತ್ತು. ಯುದ್ಧ ಮುಗಿಯಿತು, ತುರ್ತು ನಿಧಿ ನಿಂತಿತು. 1920ರಲ್ಲಿ ಬೆಲೆ ಕುಸಿಯತೊಡಗಿ, ಮರುವರ್ಷದ ಕೊನೆಗೆ ಗೋಧಿ ಒಂದು ಡಾಲರ್ ಆಸುಪಾಸಿಗೆ ಬಂತು. ಸಾಲ ಮಾಡಿ ಜಮೀನು ಕೊಂಡಿದ್ದವರ ಎದೆ ಒಡೆಯಿತು.

ತೆರಿಗೆ ಕಟ್ಟಲು ಪರದಾಡುವವನಿಗೆ ಮೊದಲು ಕಣ್ಣಿಗೆ ಬೀಳುವುದು ಏಜೆಂಟ್‌ನ ಸಂಬಳ. ಕೆಲವು ಕೌಂಟಿಗಳು ತಮ್ಮ ಪಾಲನ್ನೇ ನಿಲ್ಲಿಸಿದವು. ಕೆಲಸ ಬಲ್ಲವರು ಅದಕ್ಕೂ ಮೊದಲೇ ಬೇರೆ ಕಡೆ ಹೊರಟರು.

ಏಜೆಂಟ್ ಫಾರ್ಮ್ ಬ್ಯೂರೋಗೆ ಸದಸ್ಯರನ್ನು ಸೇರಿಸುತ್ತಾ ಓಡಾಡುತ್ತಾನೆ ಎಂಬ ದೂರೂ ಇತ್ತು. ಆ ಕೆಲಸ ಮಾಡಕೂಡದು ಎಂದು 1921ರಲ್ಲಿ ಒಪ್ಪಂದವಾಯಿತು. ಕೌಂಟಿ ಪಾಲಿನ ದುಡ್ಡಿಗೆ ಮಾತ್ರ ಬಜೆಟ್ ಬಂದಾಗಲೆಲ್ಲ ಮತ್ತೆ ಅದೇ ಚೌಕಾಸಿ.